ಹಿತ್ತಿಲಿನಿಂದ ಬೀದಿಗೆ ಬಂದ ಕನ್ನಡಿ

ನಮ್ಮ ಊರಿನ ಸಂತೆಬೀದಿಯು ತೇರಿನ ಬೀದಿಯನ್ನು ಕೂಡುವ ಮೂಲೆಯಲ್ಲಿ, ಇಬ್ಬರು ಕೈಚಾಚಿ ನಿಂತರೆ ತುಂಬಿಹೋಗುವಷ್ಟು ಕಿರಿದಾದ ಮಳಿಗೆಯೊಂದರ ನೆತ್ತಿಯ ಮೇಲೆ, ನೀಲಿಯ ಬಣ್ಣ ಬಳಿದ ತಗಡಿನಲ್ಲಿ ‘ಆಯುಷ್ಕರ್ಮಶಾಲೆ’ ಎಂಬ ಅಕ್ಷರಗಳು ಬಹುಕಾಲ ಇದ್ದುವು. ಅಕ್ಷರಾಭ್ಯಾಸವು ಆಗತಾನೆ ಮುಗಿದಿದ್ದ ನಾನು, ತಂದೆಯ ಕೈಹಿಡಿದು ಆ ಹಲಗೆಯ ಕೆಳಗೆ ನಿಂತು, ಒತ್ತಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿ, ಇದು ಯಾವುದೋ ವೈದ್ಯಶಾಲೆಯಿರಬೇಕೆಂದು ಭಾವಿಸಿದ್ದೆನು. ಕ್ಷೌರವೆಂಬ ಮಾತು ಸೂತಕವನ್ನು ನೆನಪಿಗೆ ತರುವುದೆಂದು ಶಂಕಿಸಿದ ನಮ್ಮ ಹಿರಿಯರು, ಮದುವೆ ಮುಂಜಿಗಳ ದಿನ ಅದನ್ನೇ ಆಯುಸ್ಸನ್ನು ಬೆಳೆಸುವ ಕರ್ಮವೆಂದು ಕರೆಯುತ್ತಿದ್ದರೆಂಬುದೂ, ಆ ಮಂಗಳದ ಹೆಸರನ್ನೇ ಆರಿಸಿ ತನ್ನ ಬಾಗಿಲ ಮೇಲೆ ಬರೆಯಿಸಿಕೊಂಡವನ ಮನಸ್ಸಿನಲ್ಲಿ ಎಂತಹ ಸ್ವಾಭಿಮಾನವಿದ್ದಿರಬೇಕೆಂಬುದೂ ನನಗೆ ತಿಳಿದದ್ದು ಬಹಳ ವರ್ಷಗಳ ಅನಂತರ.

ಇಂತಹ ಅಂಗಡಿಗಳನ್ನು ನೆನೆದು ಹಂಬಲಿಸುವವರು ಇಂದು ಅನೇಕರಿದ್ದಾರೆ. ನಾನೂ ಅವರಲ್ಲಿ ಒಬ್ಬನು. ಆದರೆ ಆ ಹಂಬಲದೊಳಗೆ ಒಂದು ತಪ್ಪು ಎಣಿಕೆ ಸೇರಿಕೊಂಡಿರುವುದುಂಟು. ಅರಳಿಕಟ್ಟೆಯಂತೆ, ಕೆರೆಯ ಏರಿಯಂತೆ, ಕ್ಷೌರದ ಅಂಗಡಿಯೂ ತಲತಲಾಂತರದಿಂದ ಊರಿನಲ್ಲಿದ್ದುದೆಂದು ನಾವು ತಿಳಿಯುತ್ತೇವೆ. ಪ್ರಾಚೀನನಾದವನು ಕ್ಷೌರಿಕನು, ಅವನ ಅಂಗಡಿಯು ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಕಣ್ಣುಬಿಟ್ಟ ಕೂಸು. ಪರರ ಹಿತ್ತಿಲಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಕೆಲಸ ಮಾಡುತ್ತಿದ್ದ ಮನುಷ್ಯನೊಬ್ಬನು ಬೀದಿಗೆ ಬಂದು ತನ್ನದೆಂಬ ಹೊಸ್ತಿಲೊಂದನ್ನು ಮಾಡಿಕೊಂಡನೆಂಬುದೇ ಈ ಚರಿತ್ರೆಯ ತಿರುಳು.

ಅವನ ಹೆಸರುಗಳಲ್ಲಿಯೇ ಅರ್ಧ ಚರಿತ್ರೆ ಅಡಗಿದೆ. ಸಂಸ್ಕೃತದ ನಾಪಿತನು ನಮ್ಮಲ್ಲಿ ನಾವಿದನಾಗಿ, ನಾಯಿಂದನಾಗಿ ಉಳಿದನು. ಅಮರಕೋಶವು ನಾಪಿತನಿಗೆ ಹೇಳುವ ಪರ್ಯಾಯನಾಮಗಳಲ್ಲಿ ‘ದಿವಾಕೀರ್ತಿ’ ಎಂಬುದೂ ಒಂದು. ಹಗಲಿನಲ್ಲಿ ಮಾತ್ರ ಹೆಸರೆತ್ತತಕ್ಕವನು ಎಂಬ ಈ ಪದದ ಹಿಂದೆ, ಇರುಳಿನಲ್ಲಿ ಕ್ಷೌರ ನಿಷಿದ್ಧವೆಂಬ ವಿಧಿಯಿರುವಂತೆ, ಆ ಮನುಷ್ಯನನ್ನು ದೂರದಲ್ಲಿರಿಸಿದ ಮನೋಭಾವವೂ ಇದೆ. ಕರಾವಳಿಯಲ್ಲಿ ಅವನು ಭಂಡಾರಿ. ಕರಾವಳಿ ಮಲೆನಾಡುಗಳೆರಡರಲ್ಲಿಯೂ ಕೆಲಸಿ. ಬಡಗಣ ಕರ್ಣಾಟಕದಲ್ಲಿ ಹಡಪದವನು. ಹಜಾಮನೆಂಬ ಮಾತು ಅರಬ್ಬಿಯಿಂದ ಬಂದುದು. ಮೈಗೆ ಕೊಂಬು ಹಚ್ಚಿ ಕೆಟ್ಟ ರಕ್ತವನ್ನು ತೆಗೆಯುವ ಚಿಕಿತ್ಸಕನೆಂದು ಅದರ ಮೂಲಾರ್ಥ. ವೈದ್ಯನನ್ನು ಸೂಚಿಸುತ್ತಿದ್ದ ಆ ಪದವನ್ನು ಬೈಗುಳವನ್ನಾಗಿ ಮಾಡಿದವರು ನಾವು. ಅದನ್ನು ಕೇಳಿ ನೋಯುವವರು ಅದನ್ನು ಬಿಡಿರೆಂದು ಬೇಡುತ್ತಿರುವಾಗ, ಬಿಡುವುದೇ ಸಭ್ಯತೆ.

ಈ ವೃತ್ತಿಯವರಿಗೆ ನಾಡಿನ ಚರಿತ್ರೆಯಲ್ಲಿ ಗೌರವದ ಗಳಿಗೆಗಳೂ ಉಂಟು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಎಲೆಯಡಿಕೆಯ ಸಂಚಿಯನ್ನು, ಎಂದರೆ ಹಡಪವನ್ನು, ಹಿಡಿದು ಅವರ ಆಪ್ತನಾಗಿದ್ದ ಅಪ್ಪಣ್ಣನು ಸ್ವತಃ ವಚನಕಾರನು. ಅವನ ಪತ್ನಿ ಲಿಂಗಮ್ಮನೂ ವಚನಗಳನ್ನು ರಚಿಸಿದವಳು. ಹಡಪವೆಂಬ ಅದೇ ಮಾತು ಕ್ಷೌರಿಕನ ಕತ್ತಿ ಕತ್ತರಿಗಳ ಚೀಲಕ್ಕೂ ಸಲ್ಲುತ್ತದೆ. ಇಂದಿಗೂ ಆ ಸಮಾಜದವರು ಅಪ್ಪಣ್ಣನನ್ನು ತಮ್ಮ ಮೂಲಪುರುಷನೆಂದು ಪೂಜಿಸಿ, ಕೃಷ್ಣಾತೀರದ ತಂಗಡಗಿಯಲ್ಲಿ ಅವನ ನೆನಪಿಗೆ ತಲೆಬಾಗುತ್ತಾರೆ.

ಇದಕ್ಕಿಂತಲೂ ಆಶ್ಚರ್ಯಕರವಾದುದು ವಿಜಯನಗರದ ಕಾಲದ ಸಂಗತಿ. ಸದಾಶಿವರಾಯನು ಪಟ್ಟದಲ್ಲಿದ್ದು, ರಾಜ್ಯಭಾರವೆಲ್ಲ ಅಳಿಯ ರಾಮರಾಯನ ಕೈಯಲ್ಲಿದ್ದ ದಿನಗಳಲ್ಲಿ, ಕೊಂಡೋಜನೆಂಬ ಕ್ಷೌರಿಕನು ರಾಮರಾಯನ ಮೆಚ್ಚುಗೆಯನ್ನು ಪಡೆದು, ರಾಜ್ಯದ ಕ್ಷೌರಿಕರ ಮೇಲಿದ್ದ ತೆರಿಗೆಯನ್ನು ಬಿಡಿಸಿದನು. ಬಾದಾಮಿಯೇ ಮೊದಲಾಗಿ ಕನ್ನಡನಾಡಿನಲ್ಲಿಯೂ ಆಂಧ್ರಸೀಮೆಯಲ್ಲಿಯೂ ಈ ಮಾನ್ಯವನ್ನು ಕಲ್ಲಿನಲ್ಲಿ ಕೊರೆಯಿಸಿದ ಶಾಸನಗಳು ದೊರೆತಿವೆ. ಗ್ರಾಮದಾನ, ದೇವಾಲಯದ ದತ್ತಿ, ದಂಡನಾಯಕರ ವಿಜಯಗಳಿಂದ ತುಂಬಿದ ನಮ್ಮ ಶಾಸನಸಂಪುಟಗಳನ್ನು ತಿರುವುತ್ತಿರುವಾಗ, ತನ್ನ ಕುಲದ ದುಡಿಮೆಗಾರರ ಹೊರೆಯನ್ನು ಇಳಿಸಿದ ಈ ಒಬ್ಬ ಮನುಷ್ಯನ ಹೆಸರು ಎದುರಾದರೆ, ಕೈ ತಾನಾಗಿ ಅಲ್ಲಿಯೇ ತಡೆಯುತ್ತದೆ. ಆಳುವವನ ಕೊರಳಿನ ಮೇಲೆ ಕತ್ತಿಯಿಡಲು ಅನುಮತಿಯಿದ್ದ ಏಕೈಕ ಪ್ರಜೆಯು ಅವನಾಗಿದ್ದನು; ಅಂತಹ ವಿಶ್ವಾಸಕ್ಕೆ ದೊರೆತ ಪ್ರತಿಫಲವನ್ನು ಅವನು ಎಲ್ಲರಿಗೂ ಹಂಚಿದನು.

ಆದರೆ ರಾಜಧಾನಿಯ ಮಾತು ಬೇರೆ, ಹಳ್ಳಿಯ ಮಾತು ಬೇರೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾಗತೊಡಗಿದ ತನ್ನ ಇತಿಹಾಸದಲ್ಲಿ, ಇಲ್ಲಿಯ ಒಂದೊಂದು ಹಳ್ಳಿಯೂ ಒಂದು ಪುಟ್ಟ ಗಣರಾಜ್ಯದಂತಿರುವುದೆಂದು ವರ್ಣಿಸಿ, ಹನ್ನೆರಡು ಮಂದಿ ಆಯಗಾರರನ್ನು ಹೆಸರಿಸುತ್ತಾನೆ: ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ಅಕ್ಕಸಾಲೆ. ಇವರಲ್ಲಿ ನಾಯಿಂದನಿಗೆ ದಿನದ ಕೂಲಿಯಿಲ್ಲ. ಸುಗ್ಗಿಯಲ್ಲಿ ಒಕ್ಕಣೆ ಮುಗಿದು ರಾಶಿಪೂಜೆಯಾದಮೇಲೆ, ಕಣದ ಅಂಚಿನಲ್ಲಿ ಸರದಿಗಾಗಿ ನಿಂತು, ಮೊರದಲ್ಲಿ ಅಳೆದುಕೊಟ್ಟ ರಾಗಿಯನ್ನೂ ಒಂದು ಹೊರೆ ಹುಲ್ಲನ್ನೂ ಪಡೆಯುವುದೇ ಅವನ ವರ್ಷದ ಸಂಬಳ. ಅದಕ್ಕೆ ಆಯವೆಂದು ಹೆಸರು. ಮಳೆ ಕೈಕೊಟ್ಟ ವರ್ಷ ಅವನ ಆಯವೂ ಕುಗ್ಗುತ್ತಿದ್ದಿತು. ಅಳೆಯುವವನ ಮನಸ್ಸು ಕುಗ್ಗಿದ ವರ್ಷವೂ ಅಷ್ಟೆ.

ಆ ಆಯಕ್ಕೆ ಪ್ರತಿಯಾಗಿ ಅವನು ಮಾಡುತ್ತಿದ್ದ ಕೆಲಸಗಳನ್ನು ನೋಡಿದರೆ, ಕೂದಲು ತೆಗೆಯುವುದು ಅವುಗಳಲ್ಲಿ ಒಂದು ಭಾಗ ಮಾತ್ರವೆಂದು ತೋರುತ್ತದೆ. ಕುರುವನ್ನು ಕೊಯ್ದು ಕೀವು ತೆಗೆಯುವವನು ಅವನೇ. ಕಾಲಿಗೆ ನಟ್ಟ ಮುಳ್ಳನ್ನು ಕೀಳುವವನೂ ಅವನೇ. ಅವನ ಮನೆಯಾಕೆ ಅನೇಕ ಊರುಗಳಲ್ಲಿ ಸೂಲಗಿತ್ತಿಯಾಗಿ, ಊರಿನ ಅರ್ಧ ಮಕ್ಕಳ ಹೊಕ್ಕುಳಬಳ್ಳಿಯನ್ನು ಕತ್ತರಿಸಿದವಳು. ಹಳೆಯ ಮೈಸೂರಿನ ಸೀಮೆಯಲ್ಲಿ ಮದುವೆಯ ವಾಲಗವನ್ನು ಊದುತ್ತಿದ್ದವರೂ, ಡೋಲು ಬಾರಿಸುತ್ತಿದ್ದವರೂ ಬಹುಮಟ್ಟಿಗೆ ಈ ಕುಲದವರೇ; ದೇವರ ಉತ್ಸವ ಹೊರಡಬೇಕಾದರೆ ಇವರ ನಾಗಸ್ವರ ಮುಂದಿರಬೇಕು. ಮಗುವಿನ ಜಾವಳ, ವಟುವಿನ ಚೌಲ, ಮದುವಣಿಗನ ಆಯುಷ್ಕರ್ಮ, ಸತ್ತವರ ಮಕ್ಕಳ ಕೇಶಮುಂಡನ, ಇವುಗಳಲ್ಲಿ ಯಾವುದೂ ಅವನಿಲ್ಲದೆ ನಡೆಯುವಂತಿರಲಿಲ್ಲ. ಹೀಗಿದ್ದರೂ, ತಲೆಯನ್ನು ಮುಟ್ಟಲು ಕರೆಯಲ್ಪಟ್ಟವನಿಗೆ ನಡುಮನೆಯ ಹೊಸ್ತಿಲನ್ನು ಮುಟ್ಟುವ ಅಧಿಕಾರವಿರಲಿಲ್ಲ. ಬೆಳಗಿನ ಹೊತ್ತು ಹಿತ್ತಿಲಿನ ಬಾಗಿಲಿಗೆ ಬಂದು ‘ಬುದ್ಧೀ’ ಎಂದು ಕೂಗಿ, ಬಾವಿಯ ಬಳಿ ಕಲ್ಲಿನ ಮೇಲೆ ಯಜಮಾನರನ್ನು ಕೂರಿಸಿ, ತಾನು ಮಣ್ಣಿನ ಮೇಲೆ ಕುಳಿತು ಕೆಲಸ ಮುಗಿಸಿ ಹೊರಟರೆ, ಅವನು ಕುಳಿತ ಜಾಗಕ್ಕೆ ನೀರು ಹಾಕಿ, ಯಜಮಾನರು ಮೈಮೇಲಿನ ಬಟ್ಟೆಯೊಡನೆ ಸ್ನಾನ ಮಾಡಿ ಒಳಗೆ ಹೋಗುತ್ತಿದ್ದರು.

ಆ ಹಿತ್ತಿಲಿನಲ್ಲಿ ಇನ್ನೂ ಒಂದು ಕೆಲಸ ನಡೆಯುತ್ತಿದ್ದಿತು. ಅದನ್ನು ಹೇಳದೆ ಮುಂದಕ್ಕೆ ಹೋಗುವುದು ಪ್ರಾಮಾಣಿಕವಾಗಲಾರದು. ಬ್ರಾಹ್ಮಣರ ಮನೆಗಳಲ್ಲಿ ಗಂಡ ಸತ್ತ ಹೆಣ್ಣುಮಕ್ಕಳ, ಕೆಲವು ವೇಳೆ ಇನ್ನೂ ಬಾಲೆಯರೇ ಆಗಿದ್ದವರ, ತಲೆಯನ್ನು ಬೋಳಿಸುವ ಕೆಲಸವದು. ಎಂ. ಕೆ. ಇಂದಿರಾ ಅವರು ‘ಫಣಿಯಮ್ಮ’ ಕಾದಂಬರಿಯಲ್ಲಿ ಅಂತಹ ಒಂದು ಜೀವವನ್ನು ನಮ್ಮ ಮುಂದೆ ನಿಲ್ಲಿಸಿದ್ದಾರೆ. ಕತ್ತಿ ಹಿಡಿದವನಿಗೆ ಆ ಕೆಲಸ ಬೇಡವಾಗಿದ್ದರೂ ಬೇಡವೆನ್ನುವ ಸ್ವಾತಂತ್ರ್ಯ ಎಲ್ಲಿದ್ದಿತು? ಆಯ ಕೊಡುವ ಕೈ ಅದನ್ನು ಮಾಡಿಸುತ್ತಿದ್ದಿತು. ಆದುದರಿಂದಲೇ, 1890ರಲ್ಲಿ ಮುಂಬಯಿಯ ಕ್ಷೌರಿಕರು, ಕಾರ್ಮಿಕರ ನಾಯಕರಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರ ಬೆಂಬಲದೊಡನೆ ಸಭೆ ಸೇರಿ, ಇನ್ನು ವಿಧವೆಯರ ತಲೆಗೆ ಕತ್ತಿಯಿಡೆವೆಂದು ನಿರ್ಣಯಿಸಿದುದನ್ನು ನಾನು ಆ ಶತಮಾನದ ದೊಡ್ಡ ಘಟನೆಗಳಲ್ಲಿ ಒಂದೆಂದು ಗಣಿಸುತ್ತೇನೆ. ಅದು ನಗರದಲ್ಲಿ ನಡೆದುದು ಆಕಸ್ಮಿಕವಲ್ಲ. ಕಣದ ರಾಗಿಯನ್ನು ನಂಬಿ ಬದುಕುವವನು ಅಂತಹ ಮಾತನ್ನು ಆಡಲಾರನು. ಕಾಸು ಪಡೆದು ದುಡಿಯುವವನು ಆಡಬಲ್ಲನು.

ಕಾಸು ಬಂದುದು ಪಟ್ಟಣಗಳೊಡನೆ. ಅಂಗಡಿ ಬಂದುದು ಕ್ರಾಪಿನೊಡನೆ. ಬೆಂಗಳೂರಿನಲ್ಲಿ 1809ರಲ್ಲಿ ದಂಡು ನೆಲಸಿತು. 1864ರಲ್ಲಿ ಅಲ್ಲಿಗೆ ರೈಲು ಬಂದಿತು. ಕಚೇರಿಗಳೂ ಇಂಗ್ಲಿಷ್ ಶಾಲೆಗಳೂ ಒಂದರ ಹಿಂದೊಂದು ಹುಟ್ಟಿದುವು. ಅಲ್ಲಿಯವರೆಗೆ ನಮ್ಮ ಗಂಡಸರ ತಲೆಯ ಮೇಲೆ ಜುಟ್ಟಿದ್ದಿತು. ಮುಂದಲೆಯನ್ನು ಬೋಳಿಸಿ ಹಿಂದೆ ಶಿಖೆಯನ್ನು ಉಳಿಸುವುದಕ್ಕೆ ಕತ್ತಿಯೊಂದಿದ್ದರೆ ಸಾಕು. ಕನ್ನಡಿಯೂ ಬೇಡ, ಕುರ್ಚಿಯೂ ಬೇಡ. ಕ್ರಾಪು ಹಾಗಲ್ಲ. ಅದಕ್ಕೆ ಕತ್ತರಿ ಬೇಕು, ಬಾಚಣಿಗೆ ಬೇಕು, ಕತ್ತಿನ ಹಿಂದೆ ಮಟ್ಟಮಾಡಲು ಕೈಯಲ್ಲಿ ಅದುಮುವ ಮಿಷನ್ನು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ತನ್ನ ಮುಖ ತನಗೆ ಹೇಗೆ ತೋರುತ್ತಿದೆಯೆಂದು ನೋಡಿಕೊಳ್ಳುವ ದೊಡ್ಡ ಕನ್ನಡಿ ಬೇಕು. ಇವನ್ನೆಲ್ಲ ಹಡಪದಲ್ಲಿ ಹೊತ್ತು ಮನೆಮನೆಗೆ ತಿರುಗಲಾಗದು. ಅದೂ ಅಲ್ಲದೆ, ಕ್ರಾಪು ಬಿಡಬಯಸಿದ ಹುಡುಗನಿಗೆ ಅಜ್ಜನ ಕಣ್ಣೆದುರಿನ ಹಿತ್ತಿಲು ಅನುಕೂಲವಾದ ಸ್ಥಳವಾಗಿರಲಿಲ್ಲ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಜುಟ್ಟು ತೆಗೆಯಿಸಿ ಬಂದ ಮಗನನ್ನು ಪಂಕ್ತಿಯಿಂದ ಎಬ್ಬಿಸಿದ ತಂದೆಯರೂ, ಟೊಪ್ಪಿಗೆಯೊಳಗೆ ಕ್ರಾಪನ್ನು ತಿಂಗಳುಗಟ್ಟಲೆ ಮರೆಸಿಟ್ಟ ಮಕ್ಕಳೂ ನಮ್ಮ ಅನೇಕ ಮನೆತನಗಳ ನೆನಪಿನಲ್ಲಿದ್ದಾರೆ. ಯಜಮಾನನು ಕ್ಷೌರಿಕನನ್ನು ಕರೆಸಿಕೊಳ್ಳುತ್ತಿದ್ದ ಕಾಲ ಮುಗಿದು, ಯಜಮಾನನ ಮಗನು ಕ್ಷೌರಿಕನಲ್ಲಿಗೆ ಹೋಗುವ ಕಾಲ ಹೀಗೆ ಮೊದಲಾಯಿತು.

ನಮ್ಮೂರಿನ ಆಯುಷ್ಕರ್ಮಶಾಲೆಯನ್ನು ನಾನು ಕಂಡದ್ದು 1960ರ ದಶಕದಲ್ಲಿ. ಎದುರುಬದುರಾಗಿ ಎರಡು ಬೆಲ್ಜಿಯಂ ಕನ್ನಡಿಗಳು. ನಡುವೆ ಕುಳಿತವನಿಗೆ ತನ್ನ ಮುಖವೂ ತನ್ನ ಬೆನ್ನೂ ಒಂದರೊಳಗೊಂದಾಗಿ ಸಾಲುಗಟ್ಟಿ ಹಸುರಿನ ಆಳದಲ್ಲಿ ಕರಗುವುದು ಕಾಣಿಸುತ್ತಿದ್ದಿತು. ಅನಂತವೆಂಬ ಕಲ್ಪನೆಯು ನನಗೆ ಮೊದಲು ದೊರೆತದ್ದು ಅಲ್ಲಿ. ತೇಗದ ಮರದ ಎರಡು ಕುರ್ಚಿಗಳು. ತಲೆಯಾನಿಸುವ ಹಲಗೆಯನ್ನು ಹಲ್ಲುಗಳ ಮೇಲೆ ಏರಿಸಿ ಇಳಿಸುವಾಗ ಟಕಟಕವೆಂದು ಸದ್ದಾಗುತ್ತಿದ್ದಿತು. ಮಕ್ಕಳು ಬಂದರೆ ಕುರ್ಚಿಯ ಕೈಗಳ ಮೇಲೆ ಅಡ್ಡಲಾಗಿ ಒಂದು ಮಣೆಯನ್ನಿಟ್ಟು ಅದರ ಮೇಲೆ ಕೂರಿಸುವರು. ಆ ಮಣೆ ಬೇಡವೆಂದು ಅಂಗಡಿಯ ಯಜಮಾನರು ಹೇಳಿದ ದಿನ ನಾನು ದೊಡ್ಡವನಾದೆನು. ಗೋಡೆಗೆ ತೂಗುಹಾಕಿದ ತೊಗಲಿನ ಪಟ್ಟಿಯ ಮೇಲೆ ಕತ್ತಿಯನ್ನು ಮೇಲಕ್ಕೂ ಕೆಳಕ್ಕೂ ಎಳೆದು ಮಸೆಯುವ ಲಯ, ಹಿತ್ತಾಳೆಯ ಬಟ್ಟಲಿನಲ್ಲಿ ನೊರೆಯೆಬ್ಬಿಸುವ ಕುಂಚ, ಕೆನ್ನೆಗೆ ಉಜ್ಜಿದ ಪಟಿಕದ ತಂಪು, ಕೊರಳಿಗೆ ಹಾಕಿದ ಕ್ಯೂಟಿಕುರಾ ಪೌಡರಿನ ಗಂಧ, ಕಡೆಯಲ್ಲಿ ತಲೆಯನ್ನು ಎರಡು ಕೈಗಳಿಂದ ತಟ್ಟಿ ಕತ್ತನ್ನು ಲಟಕ್ಕೆಂದು ಮುರಿಯುವ ಆ ನಿಪುಣತೆ, ಇವೆಲ್ಲವೂ ಕೂಡಿ ಬಡವನಿಗೂ ಅರ್ಧ ಗಂಟೆಯ ರಾಜೋಪಚಾರವನ್ನು ಒದಗಿಸುತ್ತಿದ್ದುವು.

ಸರದಿ ಕಾಯುವವರಿಗಾಗಿ ಬಾಗಿಲ ಬಳಿ ಒಂದು ಉದ್ದನೆಯ ಬೆಂಚು. ಅಂಗಡಿಯ ನಿಜವಾದ ಜೀವ ಅಲ್ಲಿದ್ದಿತು. ಊರಿನಲ್ಲಿ ‘ಪ್ರಜಾವಾಣಿ’ಯನ್ನು ದುಡ್ಡು ಕೊಟ್ಟು ತರಿಸುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ, ಅವರಲ್ಲಿ ಒಬ್ಬರು, ಮೂರನೆಯ ತರಗತಿಯವರೆಗೆ ಓದಿದ್ದ ನಮ್ಮ ಕ್ಷೌರದ ಯಜಮಾನರು. ಬೆಳಗಿನ ಬಸ್ಸಿನಲ್ಲಿ ಬಂದ ಪತ್ರಿಕೆಯು ಹತ್ತು ಗಂಟೆಯೊಳಗೆ ಹಾಳೆ ಹಾಳೆಯಾಗಿ ಬೆಂಚಿನ ಉದ್ದಕ್ಕೂ ಹರಿದುಹೋಗುತ್ತಿದ್ದಿತು. ಓದಬಲ್ಲವನು ಗಟ್ಟಿಯಾಗಿ ಓದಬೇಕು, ಓದಲಾರದವನು ಪ್ರಶ್ನೆ ಕೇಳಬೇಕು, ಅದು ಅಲ್ಲಿಯ ಅಲಿಖಿತ ನಿಯಮ. ನೆಹರೂ ತೀರಿಕೊಂಡ ವಾರ್ತೆಯನ್ನು ನಮ್ಮ ಬೀದಿಯು ಕೇಳಿದ್ದು ಆ ಅಂಗಡಿಯ ರೇಡಿಯೋದಿಂದ. ಕತ್ತರಿಯನ್ನು ಕೆಳಗಿಟ್ಟು ಯಜಮಾನರು ಬಾಗಿಲೆಳೆದುದು, ಅರ್ಧ ಕ್ಷೌರವಾಗಿದ್ದ ಮಾಸ್ತರರೊಬ್ಬರು ಟವಲನ್ನು ತಲೆಗೆ ಸುತ್ತಿಕೊಂಡು ಮಾತಿಲ್ಲದೆ ಮನೆಗೆ ನಡೆದುದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬಾವಿ ತೋಡಿಸಲು ನೀರಿನ ಸೆಲೆ ಯಾವ ಕಡೆಗಿದೆ, ಯಾರ ಮನೆಯ ಎತ್ತು ಮಾರಾಟಕ್ಕಿದೆ, ಯಾವ ಊರಿನಲ್ಲಿ ಯೋಗ್ಯ ವರನಿದ್ದಾನೆ, ಇವೆಲ್ಲ ಆ ಬೆಂಚಿನಲ್ಲಿ ಇತ್ಯರ್ಥವಾಗುತ್ತಿದ್ದುವು. ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಎರಡು ಕಡೆಯವರ ಗುಟ್ಟನ್ನೂ ಬಲ್ಲವರಾಗಿದ್ದ ಯಜಮಾನರು ಒಂದನ್ನು ಇನ್ನೊಂದು ಕಡೆಗೆ ದಾಟಿಸಿದವರಲ್ಲ. ಮಂಗಳವಾರ ಮಾತ್ರ ಬಾಗಿಲು ಮುಚ್ಚಿರುತ್ತಿದ್ದಿತು. ಆ ದಿನ ಬೀದಿಗೆ ಬೀದಿಯೇ ಮೂಕವಾದಂತೆ ಇರುತ್ತಿದ್ದಿತು.

ಆ ಯಜಮಾನರ ತಂದೆ ನಮ್ಮ ಅಜ್ಜನ ಹಿತ್ತಿಲಿಗೆ ಬಂದು ‘ಬುದ್ಧೀ’ ಎನ್ನುತ್ತಿದ್ದವರು. ಮಗನಾದ ಇವರು ನನ್ನ ತಂದೆಯನ್ನು ಕಂಡು ‘ಬನ್ನಿ ಸಾರ್, ಕೂತ್ಕೊಳ್ಳಿ, ಇನ್ನೊಬ್ರು ಆದ್ಮೇಲೆ ನೀವೇ’ ಎನ್ನುತ್ತಿದ್ದರು. ನನ್ನ ತಂದೆ ಕುಳಿತು ಕಾಯುತ್ತಿದ್ದರು. ಅಜ್ಜನು ಅವರ ತಂದೆಯನ್ನು ಕರೆದದ್ದು ‘ಬಾರೋ’ ಎಂದು. ನನ್ನ ತಂದೆ ಇವರನ್ನು ಕೇಳಿದ್ದು ‘ಏನಪ್ಪಾ, ಬಹಳ ಹೊತ್ತಾಗುತ್ತದೆಯೇ?’ ಎಂದು. ಒಂದು ತಲೆಮಾರಿನ ಅಂತರದಲ್ಲಿ ನಡೆದ ಈ ನಾಲ್ಕು ಮಾತುಗಳ ಬದಲಾವಣೆಯನ್ನು ಯಾವ ಶಾಸನಸಭೆಯೂ ಆಜ್ಞಾಪಿಸಲಿಲ್ಲ. ಬಾಡಿಗೆಯ ಮಳಿಗೆಯೊಂದು, ಎರಡು ಕುರ್ಚಿಗಳು, ಗೋಡೆಗೆ ಅಂಟಿಸಿದ ದರದ ಪಟ್ಟಿ, ಇವು ಮಾಡಿದುವು. ಸರದಿಯೆಂಬುದು ಗೌಡನಿಗೂ ಗಾಡಿಯವನಿಗೂ ಒಂದೇ ಎಂಬ ಪಾಠವನ್ನು ನಮ್ಮೂರು ಕಲಿತದ್ದು ಅಲ್ಲಿ ಎಂದು ಹೇಳಿದರೆ ತಪ್ಪಾಗದು.

ತಪ್ಪಾಗದು ಎಂದೆನು, ಆದರೆ ಅದು ಪೂರ್ಣವಾದ ಸತ್ಯವೂ ಅಲ್ಲ. ಆ ಬೆಂಚಿನ ಮೇಲೆ ಊರ ಹೊರಗಿನ ಕೇರಿಯವರು ಒಬ್ಬರೂ ಕುಳಿತುದನ್ನು ನಾನು ಬಾಲ್ಯದಲ್ಲಿ ಕಂಡವನಲ್ಲ. ಕಾಣಲಿಲ್ಲವೆಂಬುದು ಆಗ ನನ್ನ ಗಮನಕ್ಕೂ ಬರಲಿಲ್ಲ. ಅವರು ಕೆರೆಯ ಹಿಂದಿನ ಹುಣಿಸೆಯ ಮರದ ಕೆಳಗೆ ಒಬ್ಬರ ತಲೆಯನ್ನು ಒಬ್ಬರು ಕತ್ತರಿಸಿಕೊಳ್ಳುತ್ತಿದ್ದರು. ಸಂವಿಧಾನಸಭೆಯಲ್ಲಿ 1948ರ ನವೆಂಬರಿನಲ್ಲಿ ಅಂಗಡಿಯೆಂಬ ಪದದ ಅರ್ಥವೇನೆಂಬ ಪ್ರಶ್ನೆ ಬಂದಾಗ, ತನ್ನ ಸೇವೆಯನ್ನು ಒದಗಿಸಲು ಸಿದ್ಧನಿರುವವನು ಇರುವ ಸ್ಥಳವೆಲ್ಲವೂ ಅಂಗಡಿಯೇ ಎಂಬ ವಿಶಾಲವಾದ ವಿವರಣೆಯನ್ನು ಡಾ. ಅಂಬೇಡ್ಕರರು ಕೊಟ್ಟಿದ್ದರು, ಅಸ್ಪೃಶ್ಯತೆಯನ್ನು ಆಚರಿಸುವವರನ್ನು ಶಿಕ್ಷಿಸುವ ಕಾಯಿದೆಯು 1955ರಲ್ಲಿ ಬಂದಿದ್ದಿತು. ಅಷ್ಟಾದರೂ ನಮ್ಮ ಯಜಮಾನರು ಆ ಬಾಗಿಲನ್ನು ತೆರೆದವರಲ್ಲ. ಮುಪ್ಪಿನಲ್ಲಿ ಒಮ್ಮೆ ನಾನು ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ‘ಅವ್ರನ್ನ ಕೂರಿಸಿದ್ರೆ ನಿಮ್ಮೋರು ಬರ್ತಿದ್ರಾ ಸಾಮಿ?’ ಎಂದರು. ಅವರು ನನ್ನನ್ನು ಹಾಗೆ ಕರೆದದ್ದು ಅದೊಂದೇ ಸಲ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಅಂಗಡಿಗಳು ಕುಗ್ಗಿದುದರ ಕಾರಣಗಳನ್ನು ವಿಸ್ತರಿಸಬೇಕಾಗಿಲ್ಲ. ಅಮೆರಿಕೆಯಲ್ಲಿ 1903ರಲ್ಲಿ ಮಾರಾಟಕ್ಕೆ ಬಂದ ಜಿಲೆಟ್ ಸಾಧನವು ಮೆಲ್ಲಮೆಲ್ಲನೆ ನಮ್ಮ ಬಚ್ಚಲುಮನೆಗಳನ್ನು ಸೇರಿ, ದಿನದ ಗಡ್ಡವನ್ನು ಅಂಗಡಿಯಿಂದ ಕಿತ್ತುಕೊಂಡಿತು. 1990ರ ದಶಕದಲ್ಲಿ ಏಡ್ಸಿನ ಎಚ್ಚರಿಕೆ ಹಬ್ಬಿದಮೇಲೆ ತೊಗಲಿನ ಪಟ್ಟಿಯೂ ಮಸೆದ ಕತ್ತಿಯೂ ಮರೆಯಾಗಿ, ಪ್ರತಿಯೊಬ್ಬರಿಗೂ ಹೊಸದಾಗಿ ಮುರಿದ ಅರ್ಧ ಬ್ಲೇಡು ಬಂದಿತು. ಅದು ಒಳ್ಳೆಯದೇ ಆಯಿತು. ತಂಪುಗಾಳಿಯ ಗಾಜಿನ ಸೆಲೂನುಗಳಲ್ಲಿ ಈಗ ಬೆಂಚಿಲ್ಲ, ಪತ್ರಿಕೆಯಿಲ್ಲ. ಮೊದಲೇ ಗೊತ್ತುಮಾಡಿದ ಹೊತ್ತಿಗೆ ಹೋಗಿ ಬರುವವರು ಒಬ್ಬರಿಗೊಬ್ಬರು ಪರಿಚಿತರಾಗುವುದಿಲ್ಲ. ಅಲ್ಲಿ ದುಡಿಯುವ, ದೂರದ ಉತ್ತರ ಪ್ರದೇಶದಿಂದ ಬಂದ ತರುಣನಿಗೆ ನಮ್ಮ ಊರು ಯಾವುದೆಂದು ತಿಳಿಯುವ ಅವಕಾಶವೂ ಇಲ್ಲ. ಮಹಾಮಾರಿಯ 2020ರ ಮೇ ತಿಂಗಳಿನಲ್ಲಿ, ಬಾಗಿಲು ಮುಚ್ಚಿ ಕಂಗೆಟ್ಟಿದ್ದ ಕ್ಷೌರಿಕರಿಗೆ ತಲಾ 5,000 ರೂಪಾಯಿಗಳ ನೆರವನ್ನು ಸಾರಿದಾಗ, ಕರ್ನಾಟಕ ಸರಕಾರವು ಲೆಕ್ಕ ಹಾಕಿದ್ದು ಸುಮಾರು 2,30,000 ಮಂದಿಯನ್ನು. ನಾವು ಹಳೆಯ ನೆನಪೆಂದು ಮಾತನಾಡುವ ವೃತ್ತಿಯಿಂದ ಇಷ್ಟು ಸಂಸಾರಗಳು ಇಂದೂ ಬದುಕುತ್ತಿವೆ.

ಆ ಬಾಗಿಲಿನ ಪ್ರಶ್ನೆಯೂ ಬದುಕಿದೆ. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ ಕ್ಷೌರಕ್ಕೆಂದು ಹೋದ ದಲಿತ ತರುಣನೊಬ್ಬನು ಅಂಗಡಿಯಲ್ಲಿ ಎದ್ದ ಜಗಳದಲ್ಲಿ ಕೊಲೆಯಾದನು. ದಲಿತರಿಗೆ ಕ್ಷೌರ ಮಾಡಬೇಕಾಗುವುದೆಂದು ಊರಿನ ಅಂಗಡಿಗಳನ್ನೇ ಮುಚ್ಚಿದ ವಾರ್ತೆಗಳು ಇಂದಿಗೂ ಪತ್ರಿಕೆಗಳಲ್ಲಿ ಬರುತ್ತಿವೆ. ತಮ್ಮ ಊರಿನಲ್ಲಿ ಅಂತಹ ಬಾಗಿಲೊಂದು ಇನ್ನೂ ಇದೆಯೆಂದು ಬಲ್ಲ ಓದುಗರಲ್ಲಿ ನನ್ನದೊಂದು ಬೇಡಿಕೆಯಿದೆ. ಮುಂದಿನ ಭಾನುವಾರ ಕ್ಷೌರಕ್ಕೆ ಹೋಗುವಾಗ ಕೇರಿಯ ಗೆಳೆಯನೊಬ್ಬನನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ, ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತು, ಅವನ ಸರದಿ ಮುಗಿದಮೇಲೆ ಅದೇ ಕುರ್ಚಿಯಲ್ಲಿ ನೀವು ಕುಳಿತುಕೊಳ್ಳಿ. ಆ ಭಾರವನ್ನು ಕತ್ತರಿ ಹಿಡಿದವನೊಬ್ಬನ ಮೇಲೆಯೇ ಬಿಡಬೇಡಿ.